ಸ್ಯಾಟರ್ಡೇ ನೈಟ್ ಲೈವ್ ಟ್ರಿವಿಯಾ ಗೊತ್ತಿರೋರು ಯಾರಾದ್ರೂ ಇದೀರಾ?

ಕುವೆಂಪುನಗರ_ಹುಡ್ಗ: ಭಾನುವಾರ ಫ್ರೆಂಡ್ಸ್ ಎಲ್ಲ ಸೇರಿ ಕ್ವಿಜ್ ಇಟ್ಕೊಂಡಿದೀವಿ, ಈ ಅಮೆರಿಕದ ಕಾಮಿಡಿ ಶೋ ಮೇಲಿನ ರೌಂಡ್ ನನ್ ತಲೆಗೆ ಕಟ್ಟಿದಾರೆ. 1975ರ ಅಕ್ಟೋಬರ್ 11ಕ್ಕೆ ಶುರು, ಮೊದಲ ಹೋಸ್ಟ್ (ಪ್ರತಿ ಎಪಿಸೋಡ್‌ಗೂ ಬೇರೆ ಬೇರೆ ಗೆಸ್ಟ್ ಬಂದು ನಡೆಸ್ಕೊಡ್ತಾರಲ್ಲ, ಅವ್ರು) ಜಾರ್ಜ್ ಕಾರ್ಲಿನ್, ಇವೆಲ್ಲ ಎಲ್ರಿಗೂ ಗೊತ್ತು. ತಲೆ ಕೆರ್ಕೊಳೋ ಥರದ್ದು ಬೇಕು ಗುರೂ.

ಕಬ್ಬಿನ್_ಗದ್ದೆ_ಮಂಡ್ಯ: ಎಡ್ಡಿ ಮರ್ಫಿದು ಕೇಳ್ಲಾ. 1980ರಲ್ಲಿ ಸೇರ್ದಾಗ ಬರೀ 19 ವರ್ಷ ಅವ್ನಿಗೆ. 1982 ಡಿಸೆಂಬರಲ್ಲಿ ನಿಕ್ ನೋಲ್ಟಿ ಹೋಸ್ಟ್ ಮಾಡ್ಬೇಕಿತ್ತು, ಹುಷಾರಿಲ್ಲ ಅಂತ ಬರ್ಲಿಲ್ಲ, ಆಗ ಟೀಮಲ್ಲೇ ಇದ್ದ ಇವನ್ನೇ ಹೋಸ್ಟ್ ಮಾಡಿ ನಿಲ್ಸುದ್ರು ಕಣ್ಲಾ.

ಬೆಟ್ಟದ್_ಮೆಟ್ಲು: ಮೊದ್ಲು ಶೋ ಹೆಸರೇ ಬೇರೆ. ಎಬಿಸಿ ಚಾನೆಲಲ್ಲಿ ಹೋವರ್ಡ್ ಕೋಸೆಲ್ ಶೋಗೆ ಇದೇ ಹೆಸರಿತ್ತು, ಅದಕ್ಕೆ ಎನ್‌ಬಿಸಿ ಚಾನೆಲಿನ ಇವರು ಎನ್‌ಬಿಸೀಸ್ ಸ್ಯಾಟರ್ಡೇ ನೈಟ್ ಅಂತ ಇಟ್ಕೊಂಡಿದ್ರು. ಇನ್ನೊಂದು, ನಂಗೆ ತುಂಬಾ ಇಷ್ಟ ಆಗಿದ್ದು: ಡೈಲಾಗ್‌ನ ಈಗ್ಲೂ ಕೈಯಲ್ಲೇ ದೊಡ್ಡ ಕಾರ್ಡ್ ಮೇಲೆ ಬರ್ದು ಕ್ಯಾಮೆರಾ ಪಕ್ಕ ಹಿಡೀತಾರೆ, ಯಾಕಂದ್ರೆ ಡ್ರೆಸ್ ರಿಹರ್ಸಲ್ ಆದ್ಮೇಲೂ ಸ್ಕಿಟ್ ಕಿತ್ತಾಕ್ತಾರೆ, ಲೈನ್ ಬದಲಾಯ್ಸ್ತಾರೆ. ಆಕ್ಟರ್ ಕಣ್ಣು ಎದುರಿಗಿರೋರ್ನ ಬಿಟ್ಟು ಪಕ್ಕಕ್ಕೆ ಓಡೋದು ನೋಡಿ, ಕಾರ್ಡ್ ಓದ್ತಿರೋದು ಸಿಕ್ಕಾಕೊಳತ್ತೆ. ಕಾಲೇಜ್ ನಾಟಕದಲ್ಲಿ ನಾವು ಅಂಗೈ ಮೇಲೆ ಬರ್ಕೊಂಡಿದ್ವಿ, ಬೆವರಿಗೆ ಅಳಿಸ್ಹೋಯ್ತು, ಬಿಡಿ ಆ ಕಥೆ.

ಕುವೆಂಪುನಗರ_ಹುಡ್ಗ: ಸೂಪರ್ ಸಾರ್! ಅತಿ ಹೆಚ್ಚು ವರ್ಷ ಇರೋ ಆಕ್ಟರ್ ಯಾರು?

ಕಬ್ಬಿನ್_ಗದ್ದೆ_ಮಂಡ್ಯ: ಕೆನನ್ ಥಾಂಪ್ಸನ್, 2003ರಲ್ಲಿ ಬಂದೋನು. ಇದ್ನ ಕೊನೇಗ್ ಇಟ್ಕೋ, ಸುಮಾರ್ ಜನ ಎಡ್ಡಿ ಮರ್ಫಿ ಅಂತಾರೆ, ಅವ್ನು 1984ಕ್ಕೇ ಬಿಟ್ಟೋದ.