ಸರ್ಕಾರವೇ ಉಪವಾಸ ಮಾಡಿ ಅಂದರೆ? ಇತಿಹಾಸದ ಮೇಡಂ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ಅಳಿಯ ಜಾಂಬಿಯಾದಲ್ಲಿ ಕೆಲಸದಲ್ಲಿದ್ದಾರೆ. ಅಲ್ಲಿ ಅಕ್ಟೋಬರ್ 18 ಸರ್ಕಾರಿ ರಜೆಯಂತೆ. ಹಬ್ಬಕ್ಕಲ್ಲ, ಯಾರ ಜಯಂತಿಗೂ ಅಲ್ಲ. ದೇಶದವರೆಲ್ಲ ಉಪವಾಸವಿದ್ದು ಪ್ರಾರ್ಥನೆ ಮಾಡಲಿ ಅಂತ! ಮನೆಯಲ್ಲಿ ಹಿರಿಯರು ಉಪವಾಸ ಅಂದರೆ ಅರ್ಥವಾಗುತ್ತೆ. ಸರ್ಕಾರ ಯಾಕೆ ಹೇಳುತ್ತೆ? ಇದು ಅಲ್ಲಿ ಮಾತ್ರವಾ? ನೀವು ಇಷ್ಟು ವರ್ಷ ಇತಿಹಾಸ ಪಾಠ ಮಾಡಿದವರು, ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ನಮಸ್ಕಾರ. ಅಲ್ಲಿ ಮಾತ್ರ ಅಲ್ಲ, ತುಂಬಾ ಹಳೆಯ ಪದ್ಧತಿ ಇದು.

ಮೊದಲು ಜಾಂಬಿಯಾ. 2015ರಲ್ಲಿ ತಾಮ್ರದ ಬೆಲೆ ಬಿತ್ತು. ಆ ದೇಶ ಬದುಕುವುದೇ ತಾಮ್ರದಿಂದ. ಅವರ ಹಣ ಕ್ವಾಚಾ ನೆಲಕಚ್ಚಿತು. ಕರೀಬಾ ಜಲಾಶಯದಲ್ಲಿ ನೀರಿಲ್ಲದೆ ಕರೆಂಟೂ ಹೋಯಿತು. ಆಗ ಅಧ್ಯಕ್ಷರಾಗಿದ್ದವರು ಎಡ್ಗರ್ ಲುಂಗು. ಎಲ್ಲರೂ ಉಪವಾಸವಿದ್ದು ಪ್ರಾರ್ಥಿಸಿ ಅಂತ ಕರೆ ಕೊಟ್ಟರು. ಆಮೇಲೆ ಅದು ಪ್ರತಿ ವರ್ಷದ ರಜೆಯಾಯಿತು.

ಇದರ ಹಿಂದಿನ ಲೆಕ್ಕ ಸರಳ. ದೇಶಕ್ಕೆ ಕಷ್ಟ ಬಂತು ಅಂದರೆ ದೇವರಿಗೆ ಕೋಪ ಬಂದಿದೆ. ತಪ್ಪು ಇಡೀ ದೇಶದ್ದಾದರೆ ಕ್ಷಮೆಯನ್ನೂ ಇಡೀ ದೇಶವೇ ಕೇಳಬೇಕು. ಬೈಬಲ್ಲಿನ ಯೋನನ ಕಥೆಯಲ್ಲಿ ನಿನೆವೆಯ ರಾಜ ಮನುಷ್ಯರ ಜೊತೆ ದನಕುರಿಗಳಿಗೂ ಉಪವಾಸ ಹಾಕುತ್ತಾನೆ. ಅವಕ್ಕೂ ಗೋಣಿತಟ್ಟು ಹೊದಿಸುತ್ತಾನೆ. ಪಾಪ, ಅವೇನು ತಪ್ಪು ಮಾಡಿದ್ದವೋ!

ಅಮೆರಿಕದಲ್ಲಂತೂ ಇದು ದೇಶ ಹುಟ್ಟುವ ಮೊದಲೇ ಇತ್ತು. ಬ್ರಿಟನ್ ಜೊತೆ ಜಗಳ ಜೋರಾದಾಗ ಅಲ್ಲಿನ ಕಾಂಗ್ರೆಸ್ ಸಭೆ 1775ರ ಜುಲೈ 20 ಉಪವಾಸದ ದಿನ ಅಂತ ಗೊತ್ತುಮಾಡಿತು. ಮುಂದೆ ಅಂತರ್ಯುದ್ಧ ಬಂದಾಗ ಉತ್ತರದಲ್ಲಿ ಅಧ್ಯಕ್ಷ ಲಿಂಕನ್ ಉಪವಾಸಕ್ಕೆ ಕರೆ ಕೊಟ್ಟರು. ಬೇರೆಯಾಗಿ ಹೋದ ದಕ್ಷಿಣದ ರಾಜ್ಯಗಳ ಅಧ್ಯಕ್ಷ ಜೆಫರ್ಸನ್ ಡೇವಿಸ್ ಇನ್ನೂ ಜಾಸ್ತಿ ಸಲ ಕೊಟ್ಟರು. ಇಬ್ಬರೂ ಓದಿದ್ದು ಒಂದೇ ಬೈಬಲ್, ಬೇಡಿದ್ದು ಒಂದೇ ದೇವರನ್ನು. ಆಮೇಲೆ ಲಿಂಕನ್ನರೇ ಒಂದು ಭಾಷಣದಲ್ಲಿ ಇದನ್ನು ಹೇಳಿಕೊಂಡರು.

ಎಲ್ಲ ಅಧ್ಯಕ್ಷರೂ ಒಪ್ಪಲಿಲ್ಲ. ಥಾಮಸ್ ಜೆಫರ್ಸನ್ ಇದು ಸರ್ಕಾರದ ಕೆಲಸವೇ ಅಲ್ಲ ಅಂತ ಸುಮ್ಮನಿದ್ದರು. ಅವರಿಗಿಂತ ಮೊದಲು ಜಾನ್ ಆಡಮ್ಸ್ 1798 ಮತ್ತು 1799ರಲ್ಲಿ ಕರೆ ಕೊಟ್ಟಿದ್ದರು. ಒಂದು ಪಂಗಡದ ಚರ್ಚನ್ನು ದೇಶದ ಚರ್ಚು ಮಾಡಲು ಹೊರಟಿದ್ದಾರೆ ಅಂತ ಉಳಿದ ಪಂಗಡದವರಿಗೆ ಅನುಮಾನ ಬಂತು. ಮುಂದಿನ ಚುನಾವಣೆಯಲ್ಲಿ ಆಡಮ್ಸ್ ಸೋತರು. ಆ ಉಪವಾಸವೇ ನನ್ನ ಕುರ್ಚಿ ಕಳೆಯಿತು ಅಂತ ವರ್ಷಗಳ ಮೇಲೆ ಗೆಳೆಯರೊಬ್ಬರಿಗೆ ಕಾಗದ ಬರೆದರು. ಸೋತವರ ಮಾತು ಅನ್ನಿ, ಪೂರ್ತಿ ನಂಬಬೇಕಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಸಂಗ ಬ್ರಿಟನ್ನಿನದು. 1832ರಲ್ಲಿ ಅಲ್ಲಿ ಕಾಲರಾ. ಮಾರ್ಚ್ 21ಕ್ಕೆ ಎಲ್ಲರೂ ಉಪವಾಸ ಇರಬೇಕು ಅಂತ ಸರ್ಕಾರ ಸಾರಿತು. ಲಂಡನ್ನಿನ ಕೂಲಿಕಾರರ ಸಂಘದವರಿಗೆ ಮೈ ಉರಿಯಿತು. ವರ್ಷವಿಡೀ ಅರೆಹೊಟ್ಟೆ ನಾವು, ನಮಗೆ ಉಪವಾಸದ ಪಾಠವಾ? ಅವತ್ತೇ ಮೆರವಣಿಗೆ ಹೊರಟರು. ಮುಖಂಡರನ್ನು ಹಿಡಿದು ಕೇಸು ಹಾಕಿದರು, ಕೋರ್ಟು ಬಿಟ್ಟು ಕಳಿಸಿತು.

1853ರಲ್ಲಿ ಕಾಲರಾ ಮತ್ತೆ ಬಂತು. ಈ ಸಲವೂ ರಾಷ್ಟ್ರೀಯ ಉಪವಾಸ ಉಂಟಾ ಅಂತ ಎಡಿನ್‌ಬರೋದ ಪಾದ್ರಿಗಳು ಗೃಹಮಂತ್ರಿ ಪಾಮರ್ಸ್ಟನ್‌ರಿಗೆ ಬರೆದು ಕೇಳಿದರು. ಬಂದ ಉತ್ತರದ ಸಾರ ಇಷ್ಟು: ದೇವರು ಈ ಲೋಕಕ್ಕೆ ನಿಯಮಗಳನ್ನು ಮಾಡಿಟ್ಟಿದ್ದಾನೆ. ಬಡವರು ಕಿಕ್ಕಿರಿದಿರುವ ಕೇರಿಗಳ ಕೊಳಕಿನಿಂದ ರೋಗ ಬರುತ್ತದೆ. ಮೊದಲು ಅದನ್ನು ಚೊಕ್ಕ ಮಾಡಿ. ಕೈಕಟ್ಟಿ ಕೂತು ದೇಶವೆಲ್ಲ ಒಟ್ಟಾಗಿ ಉಪವಾಸ ಬಿದ್ದರೂ ರೋಗ ಬಂದೇ ಬರುತ್ತದೆ. ಪಾದ್ರಿಗಳ ಮುಖ ಹೇಗಾಗಿರಬೇಕು, ಯೋಚಿಸಿ!

ತರಗತಿಯಲ್ಲಿ ನಾನು ಹೇಳುತ್ತಿದ್ದದ್ದು ಒಂದೇ. ಇಂಥ ಪ್ರಕಟಣೆ ಕೈಗೆ ಸಿಕ್ಕರೆ ತಪ್ಪು ಯಾರದು ಅಂತ ಬರೆದಿದ್ದಾರೆ, ಅದನ್ನು ಹುಡುಕಿ. ಲಿಂಕನ್ 1863ರಲ್ಲಿ ಈ ಯುದ್ಧ ನಮ್ಮೆಲ್ಲರ ಪಾಪಕ್ಕೆ ಬಂದ ಶಿಕ್ಷೆ ಇರಬಹುದು ಅಂದರು. ಆ "ನಮ್ಮ" ಅನ್ನುವುದರಲ್ಲಿ ತಮ್ಮ ಕಡೆಯವರನ್ನೂ ಸೇರಿಸಿದರು. ನಮ್ಮಲ್ಲಿ 1857ರ ದಂಗೆ ಆದಾಗ ಬ್ರಿಟನ್ನಿನಲ್ಲಿ ಅಕ್ಟೋಬರ್ 7ರಂದು ಉಪವಾಸ ನಡೆಯಿತು. ಅವತ್ತು ಎಷ್ಟೋ ಚರ್ಚುಗಳಲ್ಲಿ ಕೇಳಿದ್ದು ಪಶ್ಚಾತ್ತಾಪಕ್ಕಿಂತ ಸೇಡಿನ ಮಾತು. ಉಪವಾಸ ಎರಡೂ ಕಡೆ ಒಂದೇ, ಅಲ್ವಾ?

ಮರುಪ್ರಶ್ನೆ: ಮಾಡದಿದ್ದರೆ ದಂಡ ಹಾಕುತ್ತಾರಾ ಮೇಡಂ? ಅಳಿಯನಿಗೆ ಗ್ಯಾಸ್ಟ್ರಿಕ್ ಬೇರೆ.

ಉತ್ತರ: ಇಲ್ಲ ಇಲ್ಲ, ಅವರು ಆರಾಮವಾಗಿ ಊಟ ಮಾಡಲಿ. ಈಗಿನ ಕಾಲದ ಇಂಥ ಕರೆಗಳು ಬರೀ ವಿನಂತಿ. ಅಮೆರಿಕದಲ್ಲಿ ಇದು ಕೋರ್ಟಿಗೂ ಹೋಗಿತ್ತು. ಅಲ್ಲಿ ಪ್ರತಿ ಮೇ ತಿಂಗಳ ಮೊದಲ ಗುರುವಾರ ರಾಷ್ಟ್ರೀಯ ಪ್ರಾರ್ಥನೆಯ ದಿನ. 2010ರಲ್ಲಿ ಒಬ್ಬ ನ್ಯಾಯಾಧೀಶೆ ಇದು ಸಂವಿಧಾನಕ್ಕೆ ವಿರುದ್ಧ ಅಂದರು. 2011ರಲ್ಲಿ ಮೇಲಿನ ಕೋರ್ಟು ಆ ತೀರ್ಪು ತಳ್ಳಿಹಾಕಿತು. ಕೇಳಿಕೊಂಡಿದ್ದಾರೆ ಅಷ್ಟೇ, ಬಲವಂತ ಮಾಡಿಲ್ಲ, ಮನಸ್ಸಿಗೆ ಬೇಜಾರಾಯಿತು ಅಂತ ಕೇಸು ಹಾಕಲು ಬರುವುದಿಲ್ಲ ಅಂತ. ಕಾನೂನಿಗೆ ಅಷ್ಟು ಸಾಕು. ಆದರೆ ಚಿಕ್ಕ ಪಂಗಡದವರಿಗೆ ಸರ್ಕಾರದ "ದಯವಿಟ್ಟು" ಅಷ್ಟು ಹಗುರಾಗಿ ಕೇಳಿಸುವುದಿಲ್ಲ. ಅಕ್ಕಪಕ್ಕದವರು ನೋಡುತ್ತಿರುತ್ತಾರಲ್ಲ.

ಇನ್ನೊಬ್ಬರು: ಸುಮ್ನೆ ಕೊಂಕು ಬೇಡ ಮೇಡಂ. 1940ರಲ್ಲಿ ಬ್ರಿಟನ್ ರಾಜ ಪ್ರಾರ್ಥನೆಗೆ ಕರೆ ಕೊಟ್ಟ ಮೇಲೇ ಫ್ರಾನ್ಸಿನ ಡಂಕರ್ಕ್ ತೀರದಲ್ಲಿ ಜರ್ಮನರು ಸುತ್ತುವರಿದಿದ್ದ ಅವರ ಸೈನಿಕರು ಬಚಾವಾದದ್ದು.

ಉತ್ತರ: ಕೊಂಕಲ್ಲ ಸರ್, ತಾರೀಖು ನೋಡೋಣ. ಮೇ 26, ಭಾನುವಾರ. ಆರನೇ ಜಾರ್ಜ್ ಕೇಳಿದಂತೆ ದೇಶವೆಲ್ಲ ಪ್ರಾರ್ಥನೆ ಮಾಡಿತು. ಅವತ್ತು ಸಂಜೆಯೇ ಸೈನಿಕರನ್ನು ಹಡಗು ಹತ್ತಿಸುವ ಕೆಲಸ ಶುರು. ಜೂನ್ 4ರ ಹೊತ್ತಿಗೆ 3,38,226 ಜನ ಪಾರಾಗಿದ್ದರು. ಪವಾಡ ಅಂತ ಜನ ಕರೆದಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಜರ್ಮನರ ಟ್ಯಾಂಕುಗಳಿಗೆ ನಿಲ್ಲಲು ಆಜ್ಞೆ ಬಂದದ್ದು ಮೇ 24ಕ್ಕೆ, ಪ್ರಾರ್ಥನೆಗೆ ಎರಡು ದಿನ ಮೊದಲೇ. ಆ ಆಜ್ಞೆ ವಾಪಸಾಗಿದ್ದು ಪ್ರಾರ್ಥನೆ ನಡೆದ ದಿನವೇ! ಲಿಂಕನ್ನರ ಉಪವಾಸದ ದಿನ 1863ರ ಏಪ್ರಿಲ್ 30. ಅವತ್ತೇ ಶುರುವಾದ ಚಾನ್ಸಲರ್ಸ್‌ವಿಲ್ ಕದನದಲ್ಲಿ ಅವರ ಸೈನ್ಯ ಸೋತಿತು. ಹೀಗೆ ಎರಡೂ ಕಡೆ ಉದಾಹರಣೆ ಸಿಗುತ್ತವೆ. ಪ್ರಾರ್ಥನೆಯಿಂದ ಭಯ ಇಳಿಯಿತು, ಒಟ್ಟಿಗಿದ್ದೇವೆ ಅನ್ನಿಸಿತು ಅಂದರೆ ನಾನೂ ಒಪ್ಪುತ್ತೇನೆ. ಅದು ಸಣ್ಣ ವಿಷಯವಲ್ಲ.

ಮತ್ತೊಬ್ಬರು: ನಮ್ಮ ಶಾಸ್ತ್ರೀಜಿಯವರೂ ಉಪವಾಸ ಮಾಡಿ ಅಂದಿದ್ದರಲ್ಲ?

ಉತ್ತರ: ಹೌದು, ಒಳ್ಳೆ ನೆನಪು. 1965ರಲ್ಲಿ ಯುದ್ಧವೂ ಇತ್ತು, ಗೋಧಿಗೆ ಅಮೆರಿಕದ ಮುಂದೆ ಕೈಚಾಚುವ ಸ್ಥಿತಿಯೂ ಇತ್ತು. ವಾರಕ್ಕೆ ಒಂದು ಹೊತ್ತಿನ ಊಟ ಬಿಡಿ ಅಂದರು. ಸೋಮವಾರ ಸಂಜೆ ಎಷ್ಟೋ ಹೋಟೆಲುಗಳು ಬಾಗಿಲು ಹಾಕಿದವು. ಮೊದಲು ತಮ್ಮ ಮನೆಯವರನ್ನೇ ಒಂದು ಹೊತ್ತು ಉಪವಾಸ ಇರಿಸಿ ನೋಡಿದರು ಅಂತ ಅವರ ಮಕ್ಕಳು ಹೇಳಿಕೊಂಡಿದ್ದಾರೆ. ಇದರಲ್ಲಿ ದೇವರ ಕೋಪದ ಮಾತಿಲ್ಲ. ಬಿಟ್ಟ ಊಟದ ಧಾನ್ಯ ಉಳಿಯುತ್ತದೆ, ಅಷ್ಟೇ. ಗಾಂಧೀಜಿಯವರದು ಇನ್ನೊಂದು ಥರ. ರೌಲಟ್ ಕಾಯ್ದೆ ಬಂದಾಗ 1919ರ ಏಪ್ರಿಲ್ 6ಕ್ಕೆ ಅವರೂ ಉಪವಾಸ, ಪ್ರಾರ್ಥನೆಗೇ ಕರೆ ಕೊಟ್ಟರು, ಆದರೆ ಸರ್ಕಾರದ ವಿರುದ್ಧ. ಅಂಗಡಿ ಮುಂಗಟ್ಟು ಮುಚ್ಚಿದವು. ಸರ್ಕಾರಗಳು ಬಳಸುತ್ತಿದ್ದ ಅದೇ ಆಯುಧ ತಿರುಗಿ ಸರ್ಕಾರದ ಕಡೆಗೇ ಬಂತು.

ಮೊದಲು ಕೇಳಿದವರು: ತುಂಬಾ ಥ್ಯಾಂಕ್ಸ್ ಮೇಡಂ. ಕೊನೆಯದಾಗಿ ಒಂದು. ಕಷ್ಟ ಮುಗಿದ ಮೇಲೆ ಈ ದಿನಗಳು ಏನಾಗುತ್ತವೆ?

ಉತ್ತರ: ಉಪವಾಸ ಹೋಗುತ್ತೆ, ರಜೆ ಉಳಿಯುತ್ತೆ! ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಸೆಪ್ಟೆಂಬರಿನ ಒಂದು ಗುರುವಾರಕ್ಕೆ ಇವತ್ತಿಗೂ "ಜಿನೀವಾ ಉಪವಾಸ" ಅಂತಲೇ ಹೆಸರು. ಅವತ್ತು ಮನೆಮನೆಯಲ್ಲಿ ಪ್ಲಮ್ ಹಣ್ಣಿನ ಟಾರ್ಟ್ ತಿನ್ನುತ್ತಾರೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಉಪವಾಸದ ದಿನ ಆಟೋಟದ ದಿನವಾಗಿ ಹೋಗಿತ್ತು, 1894ರಲ್ಲಿ ರದ್ದು ಮಾಡಿದರು. ಜರ್ಮನಿಯಲ್ಲಿ ಪಶ್ಚಾತ್ತಾಪ ಮತ್ತು ಪ್ರಾರ್ಥನೆಯ ದಿನಕ್ಕೆ ರಜೆ ಇತ್ತು. ವಯಸ್ಸಾದವರ ಆರೈಕೆಗೆ ಹೊಸ ವಿಮೆ ತಂದಾಗ ಆ ಖರ್ಚು ಸರಿದೂಗಿಸಲು 1995ರಿಂದ ರಜೆ ತೆಗೆದರು. ಸ್ಯಾಕ್ಸನಿ ರಾಜ್ಯ ಮಾತ್ರ ಬಿಡಲಿಲ್ಲ. ಅದಕ್ಕೇ ಅಲ್ಲಿನ ನೌಕರರ ಸಂಬಳದಿಂದ ಆ ವಿಮೆಗೆ ಇವತ್ತಿಗೂ ಸ್ವಲ್ಪ ಜಾಸ್ತಿ ಹಿಡಿಯುತ್ತಾರೆ.