ಗುಲ್‌ಮಾರ್ಗ್‌ನಲ್ಲಿ ಇಡೀ ದಿನ ಸ್ಕೀಯಿಂಗ್: ಕಾರವಾರದವರ ಪ್ರಶ್ನೆ, ತಿಳಿದವರ ಉತ್ತರ

ಪ್ರಶ್ನೆ (ಕಾರವಾರ, ಕೋಡಿಬಾಗ): ಜನವರಿ ಕೊನೆಗೆ ನಾಲ್ಕು ಜನ ಕಾಶ್ಮೀರದ ಗುಲ್‌ಮಾರ್ಗ್‌ಗೆ ಹೊರಟಿದ್ದೇವೆ. ನನಗೆ 38, ಅಣ್ಣನಿಗೆ 52, ಮಗನಿಗೆ 14, ಶಿರಸಿಯ ಭಾವನಿಗೆ 41. ಹಿಮ ಅಂದರೆ ಫ್ರಿಜ್ಜಿನಲ್ಲಿ ಕಂಡದ್ದು ಮಾತ್ರ. ಅಲ್ಲಿರೋದು ನಾಲ್ಕು ದಿನ. ಅದರಲ್ಲಿ ಒಂದು ದಿನ ಬೆಳಿಗ್ಗೆಯಿಂದ ಸಂಜೆವರೆಗೂ ಸ್ಕೀ ಮಾಡಬೇಕು. ಗೊಂಡೊಲಾದಲ್ಲಿ (ಅಲ್ಲಿನ ಕೇಬಲ್ ಕಾರು) ತುದಿಗೆ ಹೋಗಿ ಜಾರಿಕೊಂಡು ಇಳಿಯಬಹುದಾ? ತಯಾರಿ ಏನು?

ಉತ್ತರ (ಸ್ಕೀ ತರಬೇತುದಾರ): ತುದಿಯಿಂದ ಬೇಡ. ಗೊಂಡೊಲಾಕ್ಕೆ ಎರಡು ಹಂತ. ಮೊದಲನೆಯದು 2,650 ಮೀಟರ್ ಎತ್ತರದ ಗುಲ್‌ಮಾರ್ಗ್‌ನಿಂದ ಕೊಂಗ್ಡೂರಿಗೆ, ಅಂದರೆ ಇನ್ನೊಂದು 400 ಮೀಟರ್ ಮೇಲಕ್ಕೆ. ಎರಡನೆಯದು ಅಲ್ಲಿಂದ ಅಫರ್ವಾಟ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರ್‌ಗೆ. ಎರಡನೇ ಹಂತದ ಇಳಿಜಾರು ಯಂತ್ರದಿಂದ ಹದ ಮಾಡಿದ ದಾರಿಯಲ್ಲ. ಅದು ತೆರೆದ ಬೆಟ್ಟ, ಹಿಮಕುಸಿತದ ಅಪಾಯವಿದೆ. ಅಲ್ಲಿ ಇಳಿಯುವವರು ಹೂತುಹೋದವರನ್ನು ಹುಡುಕುವ ಟ್ರಾನ್ಸೀವರ್, ಉದ್ದನೆಯ ಶೋಧಕ ಕೋಲು, ಸಲಿಕೆ ಮೂರನ್ನೂ ಹೊತ್ತಿರುತ್ತಾರೆ, ಬಳಸಲೂ ಗೊತ್ತಿರುತ್ತದೆ. ನೋಡುವ ಆಸೆಯಿದ್ದರೆ ಗೊಂಡೊಲಾದಲ್ಲೇ ಹೋಗಿ ಗೊಂಡೊಲಾದಲ್ಲೇ ಬನ್ನಿ. ಗಾಳಿ ಎದ್ದರೆ ಆ ಹಂತ ನಿಲ್ಲುತ್ತದೆ, ಒಂದು ದಿನ ಕೈಯಲ್ಲಿ ಹೆಚ್ಚಿಗೆ ಇರಲಿ.

ನಿಮ್ಮ ಲೆಕ್ಕ ಹೀಗಿರಲಿ. ತಲುಪಿದ ದಿನ ವಿಶ್ರಾಂತಿ. ಸಮುದ್ರಮಟ್ಟದಿಂದ ಒಂದೇ ದಿನದಲ್ಲಿ 2,650 ಮೀಟರ್ ಏರಿದರೆ ತಲೆನೋವು, ವಾಕರಿಕೆ, ನಿದ್ದೆಗೇಡು ಆಗಬಹುದು. ಶಿರಸಿಯ ಭಾವ "ನಾವು ಘಟ್ಟದ ಮೇಲಿನವರು" ಅಂದರೆ ನಂಬಬೇಡಿ, ಶಿರಸಿ ಇರೋದು 600 ಮೀಟರ್ ಆಸುಪಾಸಿನಲ್ಲಿ. ಎರಡನೇ ದಿನ ಊರ ಬಯಲಿನ ಸಣ್ಣ ಇಳಿಜಾರಿನಲ್ಲಿ ಅರ್ಧ ದಿನ ಪಾಠ. ಮೂರನೇ ದಿನವೇ ನಿಮ್ಮ ಪೂರ್ಣ ದಿನ. ಅದೂ ಹೆಚ್ಚಿನಂಶ ಅದೇ ಇಳಿಜಾರಿನಲ್ಲಿ. ತಿರುಗಿ ನಿಲ್ಲಲು ಎರಡೂ ಕಡೆ ಬರುತ್ತದೆ ಎಂದು ತರಬೇತುದಾರ ಹೇಳಿದರೆ ಮಾತ್ರ, ಅವರ ಜೊತೆಯಲ್ಲಿ, ಕೊಂಗ್ಡೂರಿಯಿಂದ ಮರಗಳ ನಡುವೆ ಇಳಿಯುವ ದಾರಿ.

ಪ್ರಶ್ನೆ: ಸಾಮಾನು ಅಲ್ಲೇ ಬಾಡಿಗೆಗೆ ಸಿಗುತ್ತದಂತೆ. ಏನು ನೋಡಿ ತಗೊಳ್ಳಬೇಕು?

ಉತ್ತರ (ತರಬೇತುದಾರ): ಬೂಟು. ಉಳಿದದ್ದೆಲ್ಲ ಆಮೇಲೆ. ದಿನ ಹಾಳಾಗುವುದು ಹೆಚ್ಚಾಗಿ ಬೂಟಿನಿಂದಲೇ.

ಮನೆಯಲ್ಲೇ ಹಿಮ್ಮಡಿ ಗೋಡೆಗೆ ಒತ್ತಿ ನಿಂತು ಪಾದದ ಉದ್ದವನ್ನು ಸೆಂಟಿಮೀಟರ್‌ನಲ್ಲಿ ಅಳೆದುಕೊಳ್ಳಿ. ಸ್ಕೀ ಬೂಟಿನ ಅಳತೆ ಅದೇ: 26.5 ಅಂದರೆ 26.5 ಸೆಂಟಿಮೀಟರ್. ಚಪ್ಪಲಿ ನಂಬರ್ ಹೇಳಿದರೆ ಸಡಿಲ ಬೂಟು ಕೈಗೆ ಬರುತ್ತದೆ. ನೇರ ನಿಂತಾಗ ಬೆರಳ ತುದಿ ಮುಂಭಾಗಕ್ಕೆ ತಾಗಬೇಕು, ಮೊಣಕಾಲು ಬಗ್ಗಿಸಿ ಮುಂದಕ್ಕೆ ಒತ್ತಿದಾಗ ಹಿಂದೆ ಸರಿಯಬೇಕು, ಹಿಮ್ಮಡಿ ಮಾತ್ರ ಏಳಕೂಡದು. ಎದ್ದರೆ ಒಂದು ಅಳತೆ ಚಿಕ್ಕದು ಕೇಳಿ. ಕಾಲುಚೀಲ ಒಂದೇ, ತೆಳ್ಳನೆಯ ಉಣ್ಣೆಯದು. ಚಳಿಯೆಂದು ಎರಡು ಹಾಕಿದರೆ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ, ಮಡಿಕೆ ಬಿದ್ದಲ್ಲಿ ಬೊಕ್ಕೆ ಏಳುತ್ತದೆ. ಥರ್ಮಲ್ ಪ್ಯಾಂಟಿನ ತುದಿಯನ್ನೂ ಬೂಟಿನೊಳಗೆ ತುರುಕಬೇಡಿ. ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಮೊದಲು ಪಾದದ ಮೇಲಿನ ಬಕಲ್ ಬಿಗಿಸಿ, ಆಮೇಲೆ ಕಣಕಾಲಿನವು. ಬೆರಳ ಕಡೆಯದು ಸುಮ್ಮನೆ ಸಿಕ್ಕಿಸಿದರೆ ಸಾಕು.

ಸ್ಕೀ ಹಲಗೆಯನ್ನು ನೆಟ್ಟಗೆ ನಿಲ್ಲಿಸಿದರೆ ಗದ್ದದ ಮಟ್ಟಕ್ಕೆ ಬರಲಿ. ಕೋಲನ್ನು ತಲೆಕೆಳಗು ಮಾಡಿ ಬುಟ್ಟಿಯ (ತುದಿಯ ಹತ್ತಿರದ ಚಕ್ರ) ಕೆಳಗೆ ಹಿಡಿದಾಗ ಮೊಣಕೈ ಲಂಬಕೋನದಲ್ಲಿರಬೇಕು. ಹೆಲ್ಮೆಟ್ ಕಡ್ಡಾಯ.

ಇನ್ನು ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಕಚ್ಚಿಸುವ ಹಿಡಿ. ಬಿದ್ದಾಗ ಬೂಟನ್ನು ಬಿಟ್ಟುಕೊಡುವ ಸ್ಪ್ರಿಂಗ್ ಅದರಲ್ಲಿದೆ. ಎಷ್ಟು ಬಲಕ್ಕೆ ಬಿಡಬೇಕೆಂಬುದನ್ನು ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಅನುಭವ ಇವಿಷ್ಟನ್ನು ನೋಡಿ ಹೊಂದಿಸುತ್ತಾರೆ. 50 ದಾಟಿದವರಿಗೆ ಒಂದು ಮೆಟ್ಟಿಲು ಕಡಿಮೆ. ಅಣ್ಣನ ವಯಸ್ಸು ಹೇಳಿ, ತೂಕ ನಿಜ ಹೇಳಿ, "ಹೊಸಬರು" ಎಂದು ನಾಚದೆ ಹೇಳಿ. ಏನೂ ಕೇಳದೆ ಕೊಡುವ ಅಂಗಡಿಯಿಂದ ಎದ್ದು ಬನ್ನಿ. ಪ್ರತಿ ಸಲ ಹತ್ತುವ ಮುಂಚೆ ಬೂಟಿನ ತಳದ ಹಿಮ ಕೆರೆದು ತೆಗೆಯಬೇಕು. ಅದು ಗಟ್ಟಿಯಾಗಿ ಕೂತರೆ ಬೈಂಡಿಂಗ್ ಸರಿಯಾಗಿ ಕಚ್ಚುವುದಿಲ್ಲ, ಬೇಡದಾಗ ಬಿಟ್ಟುಕೊಳ್ಳುತ್ತದೆ.

ಪ್ರಶ್ನೆ (ಶಿರಸಿಯ ಭಾವ): ಮಳೆಗಾಲದಲ್ಲಿ ಪಾಚಿಗಟ್ಟಿದ ತೋಟದ ದರೆ ಹತ್ತಿಳಿದ ಕಾಲು ನಮ್ಮದು. ಅಡಿಕೆ ಹಾಳೆ ಮೇಲೆ ಕೂತು ಜಾರಿದ್ದೂ ಉಂಟು. ಜಾರುವುದಕ್ಕೆ ಹೆದರಿಕೆ ಇಲ್ಲ.

ಉತ್ತರ (ತರಬೇತುದಾರ): ತೊಂದರೆ ಬರುವುದೇ ಆ ಅಭ್ಯಾಸದಿಂದ! ಪಾಚಿಯ ಮೇಲೆ ಮೈ ಹಿಂದಕ್ಕೆ ವಾಲಿಸಿ, ಹಿಮ್ಮಡಿ ಊರಿ ಇಳಿಯುತ್ತೇವೆ. ಸ್ಕೀ ಮೇಲೆ ಅದನ್ನೇ ಮಾಡಿದರೆ ಮುಂತುದಿಯ ಭಾರ ತಪ್ಪುತ್ತದೆ. ಮುಂತುದಿ ಹಗುರಾದರೆ ತಿರುಗುವುದಿಲ್ಲ. ತಿರುಗದಿದ್ದರೆ ನೇರ ಕೆಳಕ್ಕೆ ಓಡುತ್ತದೆ. ಓಡಿದಷ್ಟೂ ಹೆದರಿಕೆ, ಹೆದರಿದಷ್ಟೂ ಇನ್ನೂ ಹಿಂದಕ್ಕೆ ವಾಲುವುದು. ಹತ್ತು ನಿಮಿಷದಲ್ಲಿ ತೊಡೆ ಉರಿಯುತ್ತದೆ.

ಮೊಣಕಾಲ ಕೆಳಗಿನ ಕಾಲಿನ ಮುಂಭಾಗದಿಂದ ಬೂಟಿನ ನಾಲಿಗೆಯನ್ನು ಒತ್ತುತ್ತಲೇ ಇರಬೇಕು. ಆ ಒತ್ತಡ ತಪ್ಪಿತು ಅಂದರೆ ನೀವು ಹಿಂದೆ ಕೂತಿದ್ದೀರಿ ಎಂದರ್ಥ. ಕೈ ಎರಡೂ ಮುಂದೆ, ಊಟದ ತಟ್ಟೆ ಹಿಡಿದು ಬಡಿಸಲು ಹೊರಟಂತೆ. ಕಣ್ಣು ಪಾದದ ಮೇಲಲ್ಲ, ಹತ್ತು ಮೀಟರ್ ಮುಂದೆ. ಕಾರವಾರದವರಿಗೆ ಒಂದು ಅನುಕೂಲ ಉಂಟು: ಅಲೆಯಲ್ಲಿ ದೋಣಿಯ ಮೇಲೆ ಮೊಣಕಾಲು ಸಡಿಲ ಬಿಟ್ಟು ನಿಲ್ಲುವ ಕ್ರಮ ಇಲ್ಲಿ ಹಾಗೇ ಕೆಲಸಕ್ಕೆ ಬರುತ್ತದೆ.

ನಿಲ್ಲಿಸಲು ಮುಂತುದಿಗಳನ್ನು ಗೇಣು ಅಂತರಕ್ಕೆ ತಂದು ಹಿಂತುದಿಗಳನ್ನು ಹೊರಕ್ಕೆ ತಳ್ಳಿ. ಎಡಕ್ಕೆ ತಿರುಗಲು ಬಲಗಾಲಿಗೆ ಭಾರ, ಬಲಕ್ಕೆ ತಿರುಗಲು ಎಡಗಾಲಿಗೆ. ತಲೆಗೆ ಇದು ಬೇಗ ಹೋಗುತ್ತದೆ, ಕಾಲಿಗೆ ಇಳಿಯಲು ಅರ್ಧ ದಿನ ಬೇಕು. ವೇಗ ಹೆಚ್ಚಾದಾಗ ಹೀಗೆ ಹಿಂತುದಿ ತಳ್ಳಿ ಬ್ರೇಕ್ ಒತ್ತುತ್ತಾ ಕೂರಬೇಡಿ. ಸ್ಕೀ ಇಳಿಜಾರಿಗೆ ಅಡ್ಡ ಬರುವವರೆಗೂ ತಿರುಗುತ್ತಲೇ ಇರಿ, ಅದಾಗಿಯೇ ನಿಲ್ಲುತ್ತದೆ. ಕೆಳಗಿರುವವನಿಗೆ ಮೊದಲ ಹಕ್ಕು: ಅವನಿಗೆ ಬೆನ್ನ ಹಿಂದೆ ಕಾಣುವುದಿಲ್ಲ, ತಪ್ಪಿಸುವ ಹೊಣೆ ಮೇಲಿನಿಂದ ಬರುವವನದು.

ಸೇರಿಕೆ (ಫಿಸಿಯೋಥೆರಪಿಸ್ಟ್, ಕುಮಟಾ): ಹಿಂದಕ್ಕೆ ಕೂರುವುದು ಮೊಣಕಾಲಿಗೂ ಕೆಟ್ಟದ್ದೇ. ಸೊಂಟ ಮೊಣಕಾಲಿಗಿಂತ ಕೆಳಗಿಳಿದು, ಭಾರವೆಲ್ಲ ಒಂದು ಸ್ಕೀಯ ಹಿಂತುದಿಯ ಒಳ ಅಂಚಿಗೆ ಬಿದ್ದಾಗ, ಸ್ಕೀ ಕಾಲನ್ನು ತಿರುಚಿ ಮೊಣಕಾಲೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಕಟ್ಟನ್ನು ಹರಿಯುತ್ತದೆ. ಬೀಳುತ್ತಿದ್ದೀರಿ ಎಂದಾದರೆ ಕೈ ಮುಂದೆ, ಕಾಲು ಜೋಡಿಸಿ, ಬೆಟ್ಟದ ಕಡೆಗೆ ಪಕ್ಕಕ್ಕೆ ಬೀಳಿ. ಜಾರುವುದು ಪೂರ್ತಿ ನಿಲ್ಲುವವರೆಗೆ ಏಳಲು ಹೋಗಬೇಡಿ. ಕೋಲನ್ನು ಬಿಟ್ಟುಬಿಡಿ, ಮುಷ್ಟಿಯಲ್ಲಿ ಉಳಿದರೆ ಹೆಬ್ಬೆರಳ ಬುಡ ಉಳುಕುತ್ತದೆ.

ಆರು ವಾರ ಮೊದಲೇ ಶುರು ಮಾಡಿ. ಟ್ಯಾಗೋರ್ ಕಡಲತೀರದಲ್ಲಿ ಓಡಿದರೆ ದಮ್ಮು ಬರುತ್ತದೆ, ತೊಡೆಗೆ ಬೇಕಾದದ್ದು ಬೇರೆ. ಗೋಡೆಗೆ ಬೆನ್ನೊರಗಿಸಿ ಕುರ್ಚಿಯಂತೆ ಕೂರುವುದು, 45 ಸೆಕೆಂಡ್, ಮೂರು ಸಲ, ದಿನ ಬಿಟ್ಟು ದಿನ. ವಾರಕ್ಕೊಮ್ಮೆ ಯಾಣದಂಥ ಕಡೆ ಮೆಟ್ಟಿಲು ಇಳಿಯಿರಿ. ಹತ್ತುವುದಲ್ಲ, ನಿಧಾನ ಇಳಿಯುವುದೇ ಸ್ಕೀಗೆ ಬೇಕಾದ ವ್ಯಾಯಾಮ.

ಪ್ರಶ್ನೆ: ಬಟ್ಟೆ, ಬಿಸಿಲು, ಊಟ? ಎಷ್ಟು ಹೊತ್ತಿಗೆ ಮುಗಿಸಬೇಕು?

ಉತ್ತರ (ತರಬೇತುದಾರ): ಮೈಗೆ ತಾಗುವ ಪದರ ಹತ್ತಿಯದು ಬೇಡ. ಕರಾವಳಿಯವರು ಬನಿಯನ್ ಬಿಡುವುದಿಲ್ಲ, ಅದು ಬೆವರು ಹೀರಿ ಒದ್ದೆಯಾಗಿಯೇ ಉಳಿದು, ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟಿನಲ್ಲಿ ಮೈ ನಡುಗಿಸುತ್ತದೆ. ಉಣ್ಣೆ ಇಲ್ಲವೇ ಪಾಲಿಸ್ಟರ್ ಥರ್ಮಲ್, ಅದರ ಮೇಲೆ ಫ್ಲೀಸ್, ಹೊರಗೆ ನೀರು ಬಿಡದ ಜಾಕೆಟ್. ಗಾಗಲ್ ಅನ್ನು ಹಣೆಗೇರಿಸಿದರೆ ಬೆವರ ಹಬೆ ಕೂರುತ್ತದೆ, ಕಣ್ಣ ಮೇಲೇ ಇರಲಿ.

ಕಡಲ ಬಿಸಿಲು ಕಂಡವರಿಗೂ ಇದು ಬೇರೆ. ಒಣ ಮರಳು ಅತಿನೇರಳೆ ಕಿರಣದಲ್ಲಿ ಶೇ. 15ರಷ್ಟನ್ನು ತಿರುಗಿಸಿದರೆ, ಹೊಸ ಹಿಮ ಶೇ. 80ರವರೆಗೆ ತಿರುಗಿಸುತ್ತದೆ. ಪ್ರತಿ 1,000 ಮೀಟರ್ ಏರಿಕೆಗೆ ಕಿರಣವೂ ಶೇ. 10ರಿಂದ 12 ಹೆಚ್ಚು. ಕೆಳಗಿನಿಂದಲೂ ಸುಡುವುದರಿಂದ ಸನ್‌ಸ್ಕ್ರೀನನ್ನು ಗದ್ದದ ಅಡಿಗೆ, ಮೂಗಿನ ಕೆಳಗೆ ಕೂಡ ಹಚ್ಚಿ, ಎರಡು ಗಂಟೆಗೊಮ್ಮೆ.

ಚಳಿಯಲ್ಲಿ ಬಾಯಾರಿಕೆ ಗೊತ್ತಾಗದು, ಲಿಫ್ಟ್ ಹತ್ತುವಾಗೆಲ್ಲ ಎರಡು ಗುಟುಕು ಕುಡಿಯಿರಿ. ಫ್ಲಾಸ್ಕಿನಲ್ಲಿ ಕಷಾಯ ಒಳ್ಳೆಯದೇ. ಜೇಬಿಗೆ ಶೇಂಗಾ ಚಿಕ್ಕಿ, ಆದರೆ ಚಳಿಗೆ ಕಲ್ಲಾಗುತ್ತದೆ, ಹಲ್ಲು ಜೋಪಾನ. ಫೋನನ್ನು ಒಳಜೇಬಿನಲ್ಲಿಡಿ, ಹೊರಗಿಟ್ಟರೆ ಬ್ಯಾಟರಿ ಬೇಗ ಸಾಯುತ್ತದೆ.

ಬೆಳಿಗ್ಗೆ ಹಿಮ ಗಟ್ಟಿ, ಮೊದಲ ಎರಡು ಇಳಿತ ನಿಧಾನ. ಹನ್ನೊಂದರಿಂದ ಒಂದರವರೆಗೆ ಹೆಚ್ಚು ಕಲಿಯುವ ಹೊತ್ತು. ಊಟ ಅರ್ಧ ಹೊಟ್ಟೆ. ಮೂರರ ಸುಮಾರಿಗೆ ಬಿಸಿಲು ಮಂಕಾಗಿ ನೆಲದ ಉಬ್ಬುತಗ್ಗು ಕಾಣುವುದಿಲ್ಲ, ಕಾಲೂ ಸೋತಿರುತ್ತದೆ. "ಇನ್ನೊಂದೇ ಒಂದು ಸಲ" ಅಂತ ಮಗ ಕೇಳುವುದು ಆಗಲೇ. ಆಗ ಸ್ಕೀ ಕಳಚಿಸಿ.

ಪ್ರಶ್ನೆ: ವಿಮೆ ಬೇಕಾ?

ಉತ್ತರ (ತರಬೇತುದಾರ): ಬೇಕು. ಎಷ್ಟೋ ಪ್ರವಾಸ ವಿಮೆಗಳಲ್ಲಿ ಸ್ಕೀಯಿಂಗ್ ಸೇರಿರುವುದಿಲ್ಲ. ಹಣ ಕಟ್ಟುವ ಮುಂಚೆ ಅದೊಂದು ಸಾಲು ಹುಡುಕಿ ಓದಿ.