ಹಳೆಯ ಲ್ಯಾಪ್‌ಟಾಪ್‌ಗೆ ಉಬುಂಟು: ಕರ್ಬಲ್, ಆರ್ಬಿಟರ್ ನಡೆಯುತ್ತವೆಯೇ?

ಮಲ್ಲೇಶ್ವರದ ರಾಕೆಟ್: 2025ರ ಅಕ್ಟೋಬರ್‌ಗೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ನನ್ನ ಲ್ಯಾಪ್‌ಟಾಪ್ 11ಕ್ಕೆ ಅರ್ಹವಲ್ಲವಂತೆ. ಎಸ್.ಪಿ. ರಸ್ತೆಗೆ ಹೋಗಿ ಹೊಸದು ತರಲು ದುಡ್ಡೂ ಇಲ್ಲ, ಮನಸ್ಸೂ ಇಲ್ಲ. ವಿಂಡೋಸ್ ಬದಲು ಉಚಿತ ಲಿನಕ್ಸ್ ವ್ಯವಸ್ಥೆಯಾದ ಉಬುಂಟು ಹಾಕಿದರೆ, ರಾಕೆಟ್ ಕಟ್ಟಿ ಹಾರಿಸುವ ಆಟ ಕರ್ಬಲ್ ಸ್ಪೇಸ್ ಪ್ರೋಗ್ರಾಂ, ಬಾಹ್ಯಾಕಾಶ ಹಾರಾಟದ ಸಿಮ್ಯುಲೇಟರ್ ಆರ್ಬಿಟರ್ ಎರಡೂ ಓಡುತ್ತವೆಯೇ? ಅಮ್ಮ ಕರೆಂಟ್ ಬಿಲ್ ಕಟ್ಟುವುದೂ ಇದರಲ್ಲೇ.

ಕಕ್ಷೆಗಾರ: ಕರ್ಬಲ್‌ನ ಮೊದಲ ಆಟಕ್ಕೆ ಲಿನಕ್ಸ್ ಆವೃತ್ತಿಯೇ ಇದೆ. ಆದರೆ ವಿಂಡೋಸ್‌ನಲ್ಲಿ ಆಲ್ಟ್ ಒತ್ತಿ ಮಾಡುತ್ತಿದ್ದುದನ್ನು ಇಲ್ಲಿ ಬಲಗಡೆಯ ಶಿಫ್ಟ್ ಒತ್ತಿ ಮಾಡಬೇಕು. ಲಿನಕ್ಸ್‌ನ ಹಲವು ಡೆಸ್ಕ್‌ಟಾಪ್‌ಗಳಲ್ಲಿ ಆಲ್ಟ್ ಹಿಡಿದು ಎಳೆದರೆ ಇಡೀ ವಿಂಡೋ ಸರಿಯುತ್ತದೆ. ಎಂಜಿನ್ ಜೋಡಿಸಲು ಹೋದರೆ ಉಡಾವಣಾ ಕೇಂದ್ರವೇ ಪಕ್ಕಕ್ಕೆ ಜಾರುತ್ತದೆ! ಇಂಥ ಕಿರಿಕಿರಿಯನ್ನು ಮೊದಲೇ ಊಹಿಸಿದ ಆಟ ತಯಾರಕರಿಗೆ ನನ್ನ ನಮಸ್ಕಾರ. ಆರ್ಬಿಟರ್ ವಿಂಡೋಸ್‌ಗೆಂದೇ ಬರೆದದ್ದು, ಅದಕ್ಕೆ ವೈನ್ (ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ತಂತ್ರಾಂಶ) ಬೇಕು. 2021ರಲ್ಲಿ ಅದರ ಮೂಲ ಕೋಡ್ ಮುಕ್ತವಾಗಿದೆ.

ಪೀಣ್ಯ ಎರಡನೇ ಹಂತ: ಆರ್ಬಿಟರ್ ಬಿಡಬೇಡಿ. ಕರ್ಬಲ್‌ನ ಪುಟ್ಟ ಗ್ರಹದಲ್ಲಿ ಸೆಕೆಂಡಿಗೆ ಸುಮಾರು 2.3 ಕಿ.ಮೀ. ವೇಗ ಬಂದರೆ ಕಕ್ಷೆ ಸಿಕ್ಕಿತು. ಆರ್ಬಿಟರ್‌ನಲ್ಲಿರುವ ನಿಜವಾದ ಭೂಮಿಗೆ 7.8 ಬೇಕು. ಚಂದ್ರಯಾನ-3 ನೇರವಾಗಿ ಚಂದ್ರನತ್ತ ಹಾರದೆ, ಭೂಮಿಯ ಸುತ್ತ ಕಕ್ಷೆಯನ್ನು ಹಂತಹಂತವಾಗಿ ಹಿಗ್ಗಿಸಿದ್ದು ಏಕೆಂದು ಆಗ ಅರ್ಥವಾಗುತ್ತದೆ.

ಮಲ್ಲೇಶ್ವರದ ರಾಕೆಟ್: ಅಮ್ಮನ ಬಿಲ್?

ಕಕ್ಷೆಗಾರ: ಬ್ರೌಸರ್ ಅದೇ ಅಲ್ಲವೇ? ಅದರ ಐಕಾನನ್ನು ಮೊದಲಿದ್ದ ಜಾಗದಲ್ಲೇ ಇಡಿ. ಮೊದಲು ಪೆನ್‌ಡ್ರೈವ್‌ನಿಂದ ಉಬುಂಟು ನಡೆಸಿ, ವೈಫೈ, ಗ್ರಾಫಿಕ್ಸ್ ಸರಿಯಿದೆಯೇ ನೋಡಿ.